ಕೊನೆಯ ಪುಟದ ಹನ್ನೊಂದು ಮನೆಗಳು

ಯುಗಾದಿ ಮುಗಿದು ಮೂರನೆಯ ವಾರ, ಮಂಗಳವಾರ, ಬೆಳಗಿನ ಐದೂವರೆ. ಬೇವಿನ ಹೂವು ಉದುರಿ ಚಾವಡಿಯ ಕಟ್ಟೆಯೆಲ್ಲ ಬೆಳ್ಳಗಾಗಿತ್ತು. ಸೂರ್ಯ ಮೂಡುವ ಮೊದಲೇ ನೆಲ ಕಾವೇರಿತ್ತು. ಅಂಥ ಹೊತ್ತಿನಲ್ಲಿ ನಮ್ಮೂರಿನ ಇನ್ನೂರ ಹನ್ನೆರಡು ಬಾಗಿಲುಗಳಲ್ಲಿ ಒಂದೂ ತೆರೆಯಲಿಲ್ಲ.

ನಮ್ಮಲ್ಲಿ ಬಾಗಿಲು ತೆರೆಯುವುದು ಚಿಲಕದಿಂದಲ್ಲ. ದಿನಾ ಬೆಳಿಗ್ಗೆ ಚಾವಡಿಯಲ್ಲಿ ಒಬ್ಬ ನಿಂತು ಮನೆಯೊಡೆಯರ ಪಟ್ಟಿ ಓದುತ್ತಾನೆ. ಹೆಸರು ಅವನ ಬಾಯಿಂದ ಬಿದ್ದ ಮನೆ ತೆರೆಯುತ್ತದೆ, ರಾತ್ರಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಬೀಳದ ಮನೆ ಆ ದಿನ ತೆರೆಯುವುದಿಲ್ಲ. ಈಗಿನ ಊರಗೌಡರ ಅಜ್ಜನ ಕಾಲದಲ್ಲಿ ಯಾರೋ ಕೊಡಲಿಯಿಂದ ಒಡೆದು ನೋಡಿದ್ದರಂತೆ. ಹಲಗೆ ಹೋಯಿತು, ಹೊಸ್ತಿಲು ದಾಟಲು ಮಾತ್ರ ಕಾಲು ಬರಲಿಲ್ಲ. ಅದಕ್ಕೇ ನಮ್ಮ ಕಿಟಕಿಗಳು ದೊಡ್ಡವು. ಸರಳಿನ ನಡುವೆ ಒಂದು ತಂಬಿಗೆ ಹಾಯುವಷ್ಟು ಸಂದು ಬಿಟ್ಟೇ ಬಡಿಗೇರರು ಕಿಟಕಿ ಮಾಡುತ್ತಾರೆ. ಪಟ್ಟಿ ಓದುವವನ ಮನೆಗೆ ಮಾತ್ರ ಬಾಗಿಲೇ ಇರುವುದಿಲ್ಲ. ಅವನು ಮೊದಲು ಹೊರಗೆ ಬರಬೇಕಲ್ಲ.

ಮೂವತ್ತೆಂಟು ವರ್ಷ ನನ್ನ ಮನೆಗೆ ಬಾಗಿಲಿರಲಿಲ್ಲ. ನನ್ನ ಹೆಸರು ಅಡಿವೆಪ್ಪ. ನನಗಿಂತ ಮೊದಲು ನಮ್ಮಪ್ಪ ಓದುತ್ತಿದ್ದ. ಪ್ರತಿ ಯುಗಾದಿಗೆ ಪಟ್ಟಿಯನ್ನು ಹೊಸ ಪುಸ್ತಕಕ್ಕೆ ನಕಲು ಮಾಡಿ ಹಳೆಯದನ್ನು ಕೆರೆಗೆ ಬಿಡುವುದು ಪದ್ಧತಿ. ಈ ಸಲ ನಕಲು ಮಾಡುವ ಕೈ ಸಿಗಲಿಲ್ಲ. ಊರ ಕಮಿಟಿಯ ಹಿರಿಯರಾದ ಪರ್ವತಗೌಡರು ಕಂಪ್ಯೂಟರ್ ತರಿಸೋಣ ಅಂದರು. ಹೊರಗಿನ ಪೇಟೆಯಲ್ಲಿ ಇಬ್ಬರು ಟೈಪಿಂಗಿನವರು ಕೂತು ಪುಸ್ತಕ ನೋಡಿಕೊಂಡು ಪಟ್ಟಿ ಹೊಡೆದು ಕೊಟ್ಟರು. ಸೋಮವಾರ ನಾನು ಕೊನೆಯ ಸಲ ಓದಿದ ಮೇಲೆ ಪುಸ್ತಕ ಕೆರೆಗೆ ಹೋಯಿತು. ಕಂಪ್ಯೂಟರ್ ಓದಲು ನನ್ನಂಥವನು ಆಗುವುದಿಲ್ಲವೆಂದು ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ ವಿರೂಪಾಕ್ಷಪ್ಪನನ್ನು ನೇಮಿಸಿದರು. ಭಾನುವಾರ ಅವನ ಮನೆಯ ಬಾಗಿಲು ಕಳಚಿದರು. ಅವನ ಹೆಂಡತಿ ನಾಯಿಗಳು ಒಳಗೆ ಬರುತ್ತವೆಂದು ಅಂದಿನಿಂದಲೇ ಮಾತು ಬಿಟ್ಟಿದ್ದಳು. ನನಗೊಂದು ಬಾಗಿಲು ಮಾಡಿಸಿಕೊಡುತ್ತೇವೆ ಅಂದರು. ಈ ವಯಸ್ಸಿಗೆ ಬಾಗಿಲು ಯಾಕೆ, ಗೋಣಿ ಪರದೆ ಸಾಕು ಅಂದೆ.

ಶನಿವಾರದ ಬಸ್ಸಿಗೆ ಕಂಪ್ಯೂಟರ್ ತಂದವನು ಇಮ್ತಿಯಾಜ ಎಂಬ ರಿಪೇರಿಯವನು. ನಲವತ್ತರ ಆಸುಪಾಸು, ತಲೆ ಮುಂದೆ ಬೋಳು, ಮಾತು ಚುರುಕು. ಸೋಮವಾರ ಸಂಜೆ ಮೇಜಿನ ಮೇಲೆ ಎಲ್ಲ ಜೋಡಿಸಿ ಸ್ವಿಚ್ಚು ಹಾಕಿದಾಗ ಪರದೆಯ ಮೇಲೆ ಹಸಿರು ಗುಡ್ಡದ ಚಿತ್ರ ಬಂತು. ಜನ ಚಪ್ಪಾಳೆ ತಟ್ಟಿದರು. ಪಟ್ಟಿ ಬೆಳಿಗ್ಗೆ ತೆಗೆದರಾಯಿತು ಅಂದು ಅವನು ಎಣ್ಣೆ ಅಂಗಡಿಯ ಮಾಳಿಗೆಯ ಕೋಣೆಗೆ ಮಲಗಲು ಹೋದ. ಅವನು ಹೋದ ಮೇಲೆ ಪೂಜೆಯಾಯಿತು. ಪೂಜೆಗೆ ಮೇಜು ಪೂರ್ವಕ್ಕೆ ಮುಖ ಮಾಡಿರಬೇಕೆಂದು ನಾಲ್ಕು ಜನ ಹಿಡಿದು ತಿರುಗಿಸಿದರು. ಬಿಚ್ಚಿಕೊಂಡ ವಾಯರುಗಳನ್ನು ಯಾವ ತೂತಿಗೆ ಯಾವುದು ಹೊಂದುತ್ತದೋ ಅದಕ್ಕೆ ಸಿಕ್ಕಿಸಿದರು.

ಮಂಗಳವಾರ ವಿರೂಪಾಕ್ಷಪ್ಪ ಸ್ನಾನ ಮಾಡಿ, ಅರಿಶಿನದ ಬಟ್ಟಲು ಹಿಡಿದು ಬಂದು ಸ್ವಿಚ್ಚು ಹಾಕಿದ. ಒದ್ದೆ ಅರಿಶಿನದ ಬೆರಳಿನಿಂದ ಪ್ರತಿ ಹೆಸರನ್ನೂ ಮುಟ್ಟಿ ಓದುವುದು ನಮ್ಮ ಕ್ರಮ. ಮುಟ್ಟಲು ಅಲ್ಲಿ ಏನೂ ಇರಲಿಲ್ಲ. ಪರದೆ ಕಪ್ಪಗಿತ್ತು. ಒಂದು ಸಣ್ಣ ಪೆಟ್ಟಿಗೆಯೊಳಗೆ ಇಂಗ್ಲಿಷಿನ ಎರಡು ಮಾತು ಆ ಮೂಲೆಯಿಂದ ಈ ಮೂಲೆಗೆ ನೊಣದ ಹಾಗೆ ಓಡಾಡುತ್ತಿತ್ತು.

“ಸಿಗ್ನಲ್ ಇಲ್ಲ ಅಂತತಿ,” ಅಂದ ವಿರೂಪಾಕ್ಷಪ್ಪ.

“ಹಂಗಂದ್ರ?” ಅಂದೆ ನಾನು.

“ಹಂಗಂದ್ರ ಇಲ್ಲ ಅಂತ.”

ಬೇಸಿಗೆಯಾದ್ದರಿಂದ ಊರಿನ ಅರ್ಧ ಗಂಡಸರು ಕಟ್ಟೆಗಳ ಮೇಲೆ ಮಲಗಿದ್ದರು. ಅವರೆಲ್ಲ ಒಳಗೆ ಹೋಗಲಾಗದೆ ಚಡ್ಡಿ, ಬನಿಯನ್ನಿನಲ್ಲಿ ಕೂತರು. ಹೆಂಗಸರು ಕಿಟಕಿಯಿಂದ ಅಂಗಿ, ಚಹಾ ಕೊಟ್ಟು ಬೈಗುಳವನ್ನೂ ಕೊಟ್ಟರು. ಪರ್ವತಗೌಡರು ಮನೆಯೊಳಗೆ ಸಿಕ್ಕಿಕೊಂಡು ಸರಳು ಹಿಡಿದು ಕೂಗುತ್ತಿದ್ದರು. ರಿಪೇರಿ ಮಾಡಬೇಕಾದ ಇಮ್ತಿಯಾಜನೂ ಮಾಳಿಗೆಯಲ್ಲಿ ಬಂದಿ. ಎಣ್ಣೆ ಅಂಗಡಿಯ ಹೆಸರೂ ಪಟ್ಟಿಯಲ್ಲಿತ್ತಲ್ಲ.

ವಿರೂಪಾಕ್ಷಪ್ಪ ಮೇಜು ಬಿಟ್ಟು ಏಳಲೊಲ್ಲ, ಓದುವವನು ಜಾಗ ಬಿಡಬಾರದಂತೆ. ಹಾಗಾಗಿ ಚಾವಡಿಯಿಂದ ಮಾಳಿಗೆಯ ಕಿಟಕಿಗೆ, ಅಲ್ಲಿಂದ ಚಾವಡಿಗೆ ಓಡಾಡುವ ಕೆಲಸ ನನ್ನ ಪಾಲಿಗೆ ಬಂತು. ಎಪ್ಪತ್ತೊಂದು ವರ್ಷದ ಕಾಲು.

“ಅಜ್ಜಾರ, ಹಿಂದಿನ ಬಾಜು ನೀಲಿ ಬಾಯಿ ವಾಯರ್ ಐತಲ್ಲ, ಅದು ಯಾವುದಕ್ಕ ಹಾಕೇತಿ ನೋಡ್ರಿ,” ಅಂತ ಇಮ್ತಿಯಾಜ ಮೇಲಿನಿಂದ ಕೂಗಿದ.

ಹೋಗಿ ನೋಡಿ ಬಂದೆ. “ನೀಲಿ ತೂತಿಗೆ ಹಾಕೇತಿ ತಮ್ಮಾ.”

“ಎರಡು ನೀಲಿ ತೂತು ಅದಾವರೀ. ಮ್ಯಾಲಿಂದೋ ಕೆಳಗಿಂದೋ?”

ಮತ್ತೆ ಹೋದೆ. “ಮ್ಯಾಲಿಂದು.”

“ಕಿತ್ತು ಕೆಳಗಿಂದಕ್ಕ ಹಾಕ್ರಿ. ಚಿತ್ರ ತೋರ್ಸೂ ಕಾರ್ಡು ಬ್ಯಾರೆ, ಕೆಳಗ ಐತಿ. ಹೇಳ್ರಿ ಅವರಿಗೆ.”

ಹೇಳಿದೆ. “ನಿನಗೇನ ತಿಳಿತೈತಿ, ಮ್ಯಾಲ ಇದ್ದದ್ದೇ ಹಿರಿದು,” ಅಂದ ವಿರೂಪಾಕ್ಷಪ್ಪ. ಅವನನ್ನು ಒಪ್ಪಿಸುವಷ್ಟರಲ್ಲಿ ಏಳು ಸಲ ಓಡಾಡಿದ್ದೆ. ಕೊನೆಗೆ ನಾನೇ ಮೇಜಿನ ಕೆಳಗೆ ತೂರಿ ಕಿತ್ತು ಹಾಕಿದೆ. ಗುಡ್ಡ ಬಂತು. ಆದರೆ ಗುಡ್ಡದ ಒಂದು ಮೂಲೆ ಮಾತ್ರ ಪರದೆ ತುಂಬ ಹಿಗ್ಗಿತ್ತು. ಪಟ್ಟಿ ತೆಗೆದರೆ ಅಕ್ಷರ ಒಂದೊಂದೂ ಸೌತೆಕಾಯಿಯಷ್ಟು, ಪರದೆಗೆ ನಾಲ್ಕೇ ಹೆಸರು, ಅವುಗಳ ಅರ್ಧವೂ ಅಂಚಿನಾಚೆ. ಅದೂ ನಮ್ಮ ಅಕ್ಷರವಲ್ಲ. ಇಂಗ್ಲಿಷಿನ ಅಕ್ಷರಗಳಿಗೆ ಕೊಂಬು, ಬಾಲ, ಟೊಪ್ಪಿಗೆ.

ವಿರೂಪಾಕ್ಷಪ್ಪ ಹಿಂಜರಿಯುವವನಲ್ಲ. ಕಂಡದ್ದನ್ನು ಕಂಡಂತೆ ಓದುವುದು ತನ್ನ ಧರ್ಮ ಅಂದು ಗಂಟಲು ಸರಿಮಾಡಿಕೊಂಡ. “ಪಿ, ಟೊಪ್ಪಿಗಿ ಹಾಕ್ಕೊಂಡ ಎ, ಪೌಂಡಿನ ಗುರುತು, ಮತ್ತ ಟೊಪ್ಪಿಗಿ ಎ, ಎರಡು ಕಾಲಿನ ಎಸ್ಸು...” ಪ್ರತಿಯೊಂದಕ್ಕೂ ಪರದೆಗೆ ಅರಿಶಿನ ಒತ್ತಿದ. ಊರು ಕಿವಿಗೊಟ್ಟು ಕೂತಿತ್ತು. ಒಂದು ತಾಸು ಓದಿದ ಮೇಲೆ ಮಡಿವಾಳರ ಓಣಿಯ ಹಿಂದೆ ಕತ್ತೆ ಕಟ್ಟುವ ಹಿತ್ತಿಲ ಗೇಟೊಂದು ಕಿರ್ರೆಂದು ತೆರೆಯಿತು. ಅಷ್ಟೇ. ಕತ್ತೆ ಹೊರಗೆ ಬಂದು ಸುತ್ತ ನೋಡಿ ಒಳಗೆ ಹೋಯಿತು.

ನಾನು ಹೋಗಿ ಇಮ್ತಿಯಾಜನಿಗೆ ಹೇಳಿದೆ. ಅವನು ಹಣೆಯನ್ನು ಸರಳಿಗೆ ಒರಗಿಸಿ ನಿಂತ.

“ಪೌಂಡು ಕಾಣ್ತತಿ ಅಂದ್ರ ಛಲೋ ಸುದ್ದಿನ ಅಜ್ಜಾರ. ಅಕ್ಷರ ಒಳಗ ಅದಾವು, ಅಂಗಿ ಇಲ್ಲ ಅಷ್ಟ. ಫಾಂಟ್ ಅಂದ್ರ ಅಕ್ಷರದ ಅಂಗಿ. ಅದು ನನ್ನ ಹಂತ್ಯಾಕ ಐತಿ, ಆ ಮಶೀನಿನಾಗ ಹಾಕೂದು ಮರತೇನಿ. ಹಗ್ಗ ತರ್ರಿ.”

ಅಂದು ಊರಿನಲ್ಲಿ ಮಧ್ಯಾಹ್ನದ ಊಟ ಕಿಟಕಿಯಿಂದಲೇ ನಡೆಯಿತು. ಕಟ್ಟೆಯ ಗಂಡಸರು ಹೊರಗೆ, ಹೆಂಡಿರು ಒಳಗೆ, ನಡುವೆ ಸರಳು. ಬಹಳ ವರ್ಷದ ಮೇಲೆ ಗಂಡ ಎದುರು ಕೂತು ಊಟ ಮಾಡಿದ ಅಂತ ಒಬ್ಬಳು ನಕ್ಕಳಂತೆ.

ನಾನು ನನ್ನ ತಂಗಿಯ ಕಿಟಕಿಗೆ ಹೋದೆ. ನೀಲವ್ವನ ಮನೆ ಚಾವಡಿಯ ಎದುರಿಗೇ, ಕೆಳಗಿನ ಓಣಿ ಬಂದು ಮುಗಿಯುವಲ್ಲಿ. ಅವಳ ಗಂಡ ತೀರಿ ಒಂಬತ್ತು ವರ್ಷ. ಬಲಗಣ್ಣು ಹೋಗಿ ಆರು. ಎಡಗಣ್ಣಿಗೂ ಪೊರೆ ಬಂದು ಈಗ ಮುಖ ಕಾಣುತ್ತದೆ, ಮೂಗು ಕಾಣುವುದಿಲ್ಲ ಅನ್ನುವಂತಾಗಿತ್ತು. ಹೊಳೆಯಾಚೆಯ ಪೇಟೆಯಲ್ಲಿ ಮೂರು ವರ್ಷಕ್ಕೊಮ್ಮೆ ಕಣ್ಣಿನ ಶಿಬಿರ ನಡೆಯುತ್ತದೆ. ಈ ಭಾನುವಾರ ಅವಳ ಸರದಿ. ನಮ್ಮೂರಿಗೆ ಬಸ್ಸು ಬರುವುದು ವಾರಕ್ಕೊಂದೇ ಸಲ, ಶನಿವಾರ ಹತ್ತೂವರೆಗೆ. ಈ ಬೇಸಿಗೆ ದಾಟಿದರೆ ಪೊರೆ ಬಲಿಯುತ್ತದೆ, ಆಮೇಲೆ ತಾನು ಮಾತು ಕೊಡಲಾರೆ ಅಂತ ಡಾಕ್ಟರು ಹೇಳಿದ್ದರು.

“ಶನಿವಾರದೊಳಗ ಸರಿ ಆಗ್ತತಿ ಬಿಡು,” ಅಂದೆ.

“ಆಗ್ಲೇಳು. ಗಂಟು ಕಟ್ಟಿ ಇಟ್ಟೇನಿ,” ಅಂದಳು. ಆಮೇಲೆ ದನಿ ತಗ್ಗಿಸಿ, “ಅಣ್ಣಾ, ನೀ ಮಾತ್ರ ಬಾಯಿ ಬಿಡಬ್ಯಾಡ,” ಅಂದಳು.

ಅವಳು ಯಾಕೆ ಹಾಗಂದಳೆಂದು ಹೇಳಲೇಬೇಕು. ನನಗೆ ಓದಲು ಬರುವುದಿಲ್ಲ. ಎರಡು ವರ್ಷ ಶಾಲೆಗೆ ಹೋಗಿದ್ದೆ. ಅಕ್ಷರ ಬಿಡಿಬಿಡಿಯಾಗಿ ಗುರುತು ಸಿಗುತ್ತವೆ, ಕೂಡಿಸಲು ಹೋದರೆ ಬಾಯಿ ಕಟ್ಟುತ್ತದೆ. ಅಪ್ಪ ತೀರಿದ ದಿನ ಊರಿನವರು ಪುಸ್ತಕ ತಂದು ನನ್ನ ಕೈಯಲ್ಲಿಟ್ಟರು. ಬರುವುದಿಲ್ಲ ಅನ್ನಲು ನಾಚಿಕೆಯಾಯಿತು. ನೀಲವ್ವ ನಾಲ್ಕನೆಯ ಇಯತ್ತೆ ಓದಿದವಳು. ಒಲೆಯ ಮುಂದೆ ಪುಸ್ತಕ ಬಿಚ್ಚಿಟ್ಟುಕೊಂಡು, ಜೋಳದ ರೊಟ್ಟಿ ಬಡಿಯುತ್ತಾ ಒಂದೊಂದೇ ಹೆಸರು ಹೇಳಿದಳು. ಒಂದು ಬಡಿತಕ್ಕೆ ಒಂದು ಹೆಸರು. ಹದಿನೆಂಟು ದಿನದಲ್ಲಿ ಪಟ್ಟಿ ನನ್ನ ಬಾಯಲ್ಲಿ ಕೂತಿತು. ಅದುವರೆಗೆ ಅಪ್ಪನ ಹೆಣದ ನೆಪದಲ್ಲಿ, ಸೂತಕದ ನೆಪದಲ್ಲಿ ಬೇರೆಯವರು ಓದಿದರು. ಆಮೇಲೆ ಪ್ರತಿ ಯುಗಾದಿಗೆ ಬದಲಾದ ಹೆಸರುಗಳನ್ನು ಅವಳೇ ರೊಟ್ಟಿಯ ಜೊತೆ ಬಡಿದು ಕೂಡಿಸುತ್ತಿದ್ದಳು. ಸತ್ತವರ ಜಾಗದಲ್ಲಿ ಉಸಿರು ಎಳೆದುಕೊಳ್ಳಲು ಹೇಳಿಕೊಟ್ಟಿದ್ದಳು. ಮೂವತ್ತೆಂಟು ವರ್ಷ ನಾನು ಪುಸ್ತಕದ ಮೇಲೆ ಬೆರಳಾಡಿಸಿದೆ, ಕಣ್ಣು ಎಲ್ಲೋ ಇರುತ್ತಿತ್ತು. ಬಾಗಿಲುಗಳು ತೆರೆದವು.

ಆದರೆ ಊರಿನ ನಂಬಿಕೆ ಬೇರೆ. ಕಂಡು ಓದಬೇಕು, ಕಂಡು ಬರೆಯಬೇಕು. ಕೇಳಿ ಹೇಳಿದ ಹೆಸರಿಗೆ ಬಾಗಿಲು ಕೆಟ್ಟು ಮತ್ತೆಂದೂ ತೆರೆಯುವುದಿಲ್ಲ ಅಂತ. ಅದು ಹಾಗಲ್ಲ ಅನ್ನುವುದು ಲೋಕದಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬಳು ಬಾಗಿಲ ಒಳಗಿದ್ದಳು.

ಬುಧವಾರ ಇಮ್ತಿಯಾಜ ಬೆರಳುದ್ದದ ಪೆನ್‌ಡ್ರೈವನ್ನು ಊಟದ ಡಬ್ಬಿಯಲ್ಲಿಟ್ಟು ಹಗ್ಗದಿಂದ ಇಳಿಸಿದ. ಅದನ್ನು ಸಿಕ್ಕಿಸುವುದಕ್ಕೆ ಮೂರು ಸಲ, ತಿರುಗಿಸಿ ಸಿಕ್ಕಿಸುವುದಕ್ಕೆ ಎರಡು ಸಲ ಓಡಾಡಿದೆ. ಅಕ್ಷರ ಸಣ್ಣದು ಮಾಡುವುದು ಎಲ್ಲಿ ಅಂತ ಕೇಳಲು ಹೋದಾಗ ಅವನು, “ಖಾಲಿ ಜಾಗದಾಗ ಬಲಗಡೆ ಗುಂಡಿ ಒತ್ತಾಕ ಹೇಳ್ರಿ,” ಅಂದ. ಬಂದು ಹೇಳಿದರೆ ವಿರೂಪಾಕ್ಷಪ್ಪ ಕೂತಲ್ಲಿಂದಲೇ ಕೈ ಚಾಚಿ ಚಾವಡಿಯ ಬಲಗೋಡೆಯ ಸ್ವಿಚ್ಚು ಒತ್ತಿಬಿಟ್ಟ. ಎಲ್ಲ ಆರಿಹೋಯಿತು. ಮತ್ತೆ ಹತ್ತಿಸಲು ಅರ್ಧ ತಾಸು.

“ಅಂವಗ ಮೌಸ್ ಅನ್ನೂ ಇಲಿ ಕೈಯಾಗ ಕೊಡಬಾರದಾಗಿತ್ತರೀ!” ಅಂತ ಇಮ್ತಿಯಾಜ ತಲೆ ಹಿಡಿದುಕೊಂಡ.

ಸಂಜೆಯ ಹೊತ್ತಿಗೆ ಅಕ್ಷರಗಳಿಗೆ ಅಂಗಿ ಬಂತು. ಗುರುವಾರ ಬೆಳಿಗ್ಗೆ ಪರದೆಯಲ್ಲಿ ನಮ್ಮ ಅಕ್ಷರಗಳು ಸಾಲಾಗಿ ನಿಂತಿದ್ದವು. ವಿರೂಪಾಕ್ಷಪ್ಪ ಮದುವಣಿಗನಂತೆ ಎದೆ ಉಬ್ಬಿಸಿ ಓದಿದ. ಗೌಡರ ಬಾಗಿಲು, ಎಣ್ಣೆ ಅಂಗಡಿಯ ಬಾಗಿಲು, ಮೇಲಿನ ಓಣಿಯದು ಒಂದಾದ ಮೇಲೊಂದು ತೆರೆದವು. ಎರಡು ದಿನದ ಬೆವರಿನ ವಾಸನೆ ಹೊರಗೆ ಬಂತು, ಅದರ ಹಿಂದೆ ಜನ ಬಂದರು. ನೂರ ನಲವತ್ತು ಮನೆಗಳಾದ ಮೇಲೆ ವಿರೂಪಾಕ್ಷಪ್ಪ ತಡೆದ.

“ಡಬ್ಬಿ,” ಅಂದ. ಮುಟ್ಟಿದ. “ಡಬ್ಬಿ. ಡಬ್ಬಿ. ಡಬ್ಬಿ ಡಬ್ಬಿ. ಒಂದು ದೀರ್ಘ. ಡಬ್ಬಿ.”

ಇಮ್ತಿಯಾಜ ಬರಿಗಾಲಿನಲ್ಲೇ ಓಡಿ ಬಂದ. ಪರದೆ ನೋಡಿ, ಮೊದಲು ಅರಿಶಿನಕ್ಕೆ ಸಿಟ್ಟಾದ. “ಏನ್ರೀ ಇದು, ಮಶೀನಿಗೆ ಕಾಮಾಲೆ ಬಂದಂಗ ಮಾಡೀರಿ! ಗಾಜಿಗೆ ಅರಿಶಿಣ ಹಚ್ಚಬ್ಯಾಡ್ರೀ!”

“ಮುಟ್ಟದ ಓದಿದ್ರ ಅದು ಓದಲ್ಲ,” ಅಂದ ವಿರೂಪಾಕ್ಷಪ್ಪ.

“ಪಟ್ಟಿ ಮ್ಯಾಲ ಸರದ್ರೂ ನಿಮ್ಮ ಅರಿಶಿಣ ಅಲ್ಲೇ ಕುಂದರತೈತಿ. ಯಾರ ಹೆಸರಿಗೆ ಹತ್ತೇತದು, ಹೇಳ್ರಿ ನೋಡೂಣು?”

ಇಮ್ತಿಯಾಜ ಕೂತು ಹುಡುಕಿದ. ಕೆಳಗಿನ ಓಣಿಯ ಪಟ್ಟಿಯನ್ನು ಎರಡನೆಯ ಟೈಪಿಂಗಿನವನು ಹೊಡೆದಿದ್ದ, ಬೇರೆಯದೇ ಫಾಂಟಿನಲ್ಲಿ. ಮಶೀನಿನಲ್ಲಿದ್ದ ಫಾಂಟುಗಳನ್ನೆಲ್ಲ ಒಂದೊಂದಾಗಿ ತೊಡಿಸಿ ನೋಡಿದ. ಒಂದರಲ್ಲಿ ಹೂವು, ಎಲೆ, ಕತ್ತರಿಯ ಚಿತ್ರ ಬಂದವು. ಒಂದರಲ್ಲಿ ತಲೆಕಟ್ಟು ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಒಂದರಲ್ಲಿ ಒತ್ತು ಕೆಳಗಿನ ಸಾಲಿನವರ ತಲೆಯ ಮೇಲೆ ಹೋಗಿ ಕೂತಿತು. ಊಟ ಬಿಟ್ಟು ಸಂಜೆಯವರೆಗೆ ಏನೇನೋ ಪರಿವರ್ತನೆ ಮಾಡಿ ಅರವತ್ತೊಂದು ಮನೆಗಳನ್ನು ನಮ್ಮ ಅಕ್ಷರಕ್ಕೆ ತಂದ. ಕೊನೆಯ ಪುಟದ ಹನ್ನೊಂದು ಮನೆಗಳು ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ಆ ಪುಟ ಹೊಡೆದ ಹೊತ್ತಿಗೆ ಟೈಪಿಂಗಿನವನು ಮತ್ತೂ ಬೇರೊಂದು ಫಾಂಟ್ ಬಳಸಿದ್ದನಂತೆ. ಅದು ಅವನ ಕಂಪ್ಯೂಟರಿನಲ್ಲಿ ಮಾತ್ರ ಉಂಟು. ಫೋನ್ ಸಿಗುವ ಊರಾಚೆಯ ಗುಡ್ಡ ಹತ್ತಿ ಅವನಿಗೆ ಫೋನ್ ಮಾಡಿದರೆ, ಮದುವೆಗೆ ಬಂದಿದ್ದೇನೆ, ಸೋಮವಾರ ಕಳಿಸುತ್ತೇನೆ ಅಂದ.

ನೀಲವ್ವನ ಮನೆ ಆ ಹನ್ನೊಂದರಲ್ಲಿ ಹತ್ತನೆಯದು.

ಶುಕ್ರವಾರ ಮುಂಜಾನೆ ಹನ್ನೊಂದು ಮನೆ ಬಿಟ್ಟು ಊರೆಲ್ಲ ತೆರೆಯಿತು. ಓದು ಮುಗಿದ ಮೇಲೆ ಇಮ್ತಿಯಾಜ ಗೌಡರ ಮುಂದೆ ನಿಂತ. “ಸಾಹೇಬ್ರ, ಹನ್ನೊಂದ ಹೆಸರು. ಬಾಯಿಲೆ ಹೇಳ್ರಿ, ಹತ್ತು ನಿಮಿಷದಾಗ ನಾನ ಟೈಪ್ ಮಾಡ್ತೇನಿ. ಅವರ ಮನಿ ಮಂದಿ ಕಿಟಕ್ಯಾಗ ನಿಂತಾರ, ಅವರನ್ನ ಕೇಳಿದ್ರೂ ಹೇಳ್ತಾರ.”

“ಕೇಳಿ ಬರದ್ರ ನಡ್ಯಂಗಿಲ್ಲ.”

“ಬರದು ನೋಡೂಣಲ್ಲ!”

“ನೋಡಾಕ ಅದೇನು ಆಟನ ತಮ್ಮಾ? ಬಾಗಲ ಕೆಟ್ರ ನೀ ರಿಪೇರಿ ಮಾಡ್ತೀ ಏನು?” ಗೌಡರು ನನ್ನ ಕಡೆ ತಿರುಗಿದರು. “ಅಡಿವೆಪ್ಪಾ, ಮೂವತ್ತೆಂಟು ವರ್ಷ ಓದಿದಾವ ನೀನು. ಒಂದಿನಾರ ಕಾಣದ ಓದೀ ಏನು? ಹೇಳು ಇವಗ.”

ಎಲ್ಲರೂ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಬೇವಿನ ಹೂವಿನ ಮೇಲೆ ಇರುವೆ ಸಾಲು ಹೋಗುತ್ತಿತ್ತು.

“ಕಂಡ ಓದಬೇಕ್ರಿ,” ಅಂದೆ.

ಆ ಮಾತನ್ನು ನೆನೆದರೆ ಇಂದಿಗೂ ಬಾಯಿ ಕಹಿಯಾಗುತ್ತದೆ.

ಮಧ್ಯಾಹ್ನ ವಿರೂಪಾಕ್ಷಪ್ಪನಿಗೆ ಪರದೆಯನ್ನು ಶುದ್ಧ ಮಾಡುವ ಯೋಚನೆ ಬಂತು. ಇಮ್ತಿಯಾಜನ ಕಾಟ ತಡೆಯಲಾರದೆ ಒಣಗಿದ ಅರಿಶಿನ ತೆಗೆಯಲು ಹೊರಟ. ಒಣಬಟ್ಟೆಗೆ ಹೋಗಲಿಲ್ಲ. ನಮ್ಮಲ್ಲಿ ಪುಸ್ತಕದ ಹಲಗೆಯನ್ನು ಪ್ರತಿ ಶುಕ್ರವಾರ ಅರಿಶಿನದ ನೀರಿನಿಂದಲೇ ತೊಳೆಯುವುದು. ಪದ್ಧತಿಯೂ ಆಯಿತು, ಸ್ವಚ್ಛವೂ ಆಯಿತು ಅಂದುಕೊಂಡು ಚೊಂಬು ತಂದು ಮೇಲಿನಿಂದ ಹೊಯ್ದ. ನೀರು ಅಂಚಿನ ಸಂದಿನಲ್ಲಿ ಇಳಿಯಿತು. ಪರದೆಯ ಮೇಲೆ ಹಸಿರು ಗೆರೆ ಒಂದು, ನೇರಳೆ ಗೆರೆ ಎರಡು, ಆಮೇಲೆ ಮಳೆಯ ಹಾಗೆ ಗೆರೆಯೋ ಗೆರೆ. ಚಿಟ್ ಅಂತ ಒಂದು ಸದ್ದಾಗಿ ಎಲ್ಲ ಕಪ್ಪಾಯಿತು.

ಚಹಾ ಕುಡಿದು ಬಂದ ಇಮ್ತಿಯಾಜ ಚೊಂಬನ್ನು ಎತ್ತಿ ನೋಡಿದ. ಆಮೇಲೆ ಮೆಲ್ಲಗೆ, “ಚೊಂಬಿನ್ಯಾಗ ಎಷ್ಟಿತ್ತು?” ಅಂದ.

“ಅರ್ಧ.”

“ಪೂರಾ ಹಾಕಬೇಕಿತ್ತರೀ. ಅರ್ಧ ಯಾಕ ಉಳಿಸಿದ್ರಿ?”

ಪರದೆಯನ್ನು ಬಿಚ್ಚಿ ಬಿಸಿಲಿಗಿಟ್ಟ. ಗೋಧಿ ಒಣಗಿಸುವ ಹೆಂಗಸರು ಪಕ್ಕದಲ್ಲಿ ಜಾಗ ಬಿಟ್ಟುಕೊಟ್ಟರು. ಸಂಜೆ ಮತ್ತೆ ಜೋಡಿಸಿದರೆ ಜೀವವಿರಲಿಲ್ಲ. ಬೇರೆ ಪರದೆ ಪೇಟೆಯಿಂದ ಬರಬೇಕು, ಅಂದರೆ ಮುಂದಿನ ಶನಿವಾರ. ನಾಳೆ ಓದಲು ಪಟ್ಟಿಯೇ ಇಲ್ಲವೆಂದು ಊರಿಗೆ ಆಗ ತಿಳಿಯಿತು. ಜನ ಒಂದು ವಾರಕ್ಕಾಗುವಷ್ಟು ನೀರು, ಹಿಟ್ಟು ಒಳಗೆ ತುಂಬಿಕೊಳ್ಳತೊಡಗಿದರು. ಯಾರು ಒಳಗೆ ಮಲಗಬೇಕು, ಯಾರು ಹೊರಗೆ ಅಂತ ಪ್ರತಿ ಮನೆಯಲ್ಲೂ ಜಗಳ. ಇಮ್ತಿಯಾಜ ಮಾತ್ರ, ಸತ್ತರೂ ಇನ್ನು ಈ ಊರಿನ ಛಾವಣಿಯ ಕೆಳಗೆ ಮಲಗುವುದಿಲ್ಲ ಅಂದು ಚಾವಡಿಯ ಕಟ್ಟೆಯ ಮೇಲೆ ಚಾಪೆ ಹಾಸಿದ.

ನಾನು ನೀಲವ್ವನ ಕಿಟಕಿಗೆ ಹೋದೆ. ಅವಳು ಕಟ್ಟಿಟ್ಟ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದಳು.

“ಯಾಕ ಬಿಚ್ಚಿದಿ?”

“ಮಡಿಕಿ ಮುರದಾವು ಅಂತ. ಇನ್ನೊಮ್ಮೆ ಶಿಬಿರ ಬರತೈತಲ್ಲ ಅಣ್ಣಾ.”

“ಮೂರು ವರ್ಷಕ್ಕ.”

“ಮೂರು ವರ್ಷ ಏನು ಮಹಾ. ರೊಟ್ಟಿ ಬಡ್ಯಾಕ ಕಣ್ಣ ಬೇಕೇನು?” ನಕ್ಕಳು. ಆಮೇಲೆ, “ನಾಳಿ ನೀ ಏನರ ಮಾಡೀ ಮತ್ತ. ನನ್ನ ಆಣಿ ಐತಿ. ಇಷ್ಟ ವರ್ಷ ನಿನ್ನ ಓದೂ ಅಡಿವೆಪ್ಪ ಅಂದಾರ. ಈಗ ಊರ ಮುಂದ ಸುಳ್ಳ ಅಡಿವೆಪ್ಪ ಅನ್ನಿಸ್ಕೊಂಡು ಸಾಯಬ್ಯಾಡ,” ಅಂದಳು.

ನಾನು ತಂದ ನೀರಿನ ತಂಬಿಗೆಯನ್ನು ಸರಳಿನ ನಡುವೆ ಚಾಚಿದೆ. ತೆಗೆದುಕೊಳ್ಳಲು ಕೈ ನೀಡಿದಳು. ಕೈ ತಂಬಿಗೆಗಿಂತ ಒಂದು ಗೇಣು ಆಚೆ ಗಾಳಿ ಹಿಡಿಯಿತು. ಮತ್ತೆ ಹಿಡಿಯಿತು. ನಾನೇ ಅವಳ ಕೈಗೆ ತಂಬಿಗೆ ತಾಗಿಸಿದೆ.

ಶನಿವಾರ ಬೆಳಿಗ್ಗೆ ಚಾವಡಿಗೆ ಬಂದಾಗ ವಿರೂಪಾಕ್ಷಪ್ಪ ಕಪ್ಪು ಪರದೆಯ ಮುಂದೆ ಬಟ್ಟಲು ಹಿಡಿದು ಕೂತಿದ್ದ. ಬಾಗಿಲಿಲ್ಲದ ಮನೆಯವನು, ಹೊರಗೆ ಬಂದಿದ್ದ. ಬಂದು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಇಮ್ತಿಯಾಜ ಚಾಪೆಯ ಮೇಲೆ ಎದ್ದು ಕೂತು ಕಣ್ಣುಜ್ಜುತ್ತಿದ್ದ. ನಾನು ನನ್ನ ಹಳೆಯ ಜಾಗದಲ್ಲಿ, ಕಂಬದ ಪಕ್ಕ ನಿಂತೆ. ಕಣ್ಣು ಮುಚ್ಚಿದೆ. ತೊಡೆಯ ಮೇಲೆ ಅಂಗೈಯಿಂದ ರೊಟ್ಟಿ ಬಡಿದ ಹಾಗೆ ಒಂದು ಸಲ ಬಡಿದೆ.

ನನಗೆ ನಡುವಿನಿಂದ ಶುರು ಮಾಡಲು ಬರುವುದಿಲ್ಲ. ತಂಗಿಯ ಹೆಸರೊಂದನ್ನೇ ಹೇಳಿ ಸುಮ್ಮನಾಗಬಹುದಿತ್ತಲ್ಲ ಅಂತ ಆಮೇಲೆ ಬಹಳ ಜನ ಕೇಳಿದರು. ಹಾಗೆ ಹೇಳಿದರೆ ಅದು ನನ್ನ ತಂಗಿಯ ಹೆಸರು, ಪಟ್ಟಿಯ ಹೆಸರಲ್ಲ. ಪಟ್ಟಿ ಬಾಯಿಗೆ ಬರಬೇಕಾದರೆ ಮೊದಲ ಮನೆಯಿಂದಲೇ ಬರಬೇಕು. ಮೊದಲ ಮನೆ ಗೌಡರದು.

“ಪರ್ವತಗೌಡ,” ಅಂದೆ. ಮೇಲಿನ ಓಣಿಯಲ್ಲಿ ದೊಡ್ಡ ಬಾಗಿಲು ನರಳಿ ತೆರೆಯಿತು.

ವಿರೂಪಾಕ್ಷಪ್ಪ ದಡಬಡನೆ ಎದ್ದ. “ಏ, ಏ! ಪಟ್ಟಿ ಎಲ್ಲೈತೋ? ಏನ ನೋಡಿ ಓದಾಕತ್ತೀ?”

ನಾನು ನಿಲ್ಲಲಿಲ್ಲ. ಬಡಿತ, ಹೆಸರು. ಬಡಿತ, ಹೆಸರು. ಸತ್ತವರಿಗೆ ಉಸಿರು. ಬಾಗಿಲುಗಳ ಸದ್ದು ಓಣಿಯಿಂದ ಓಣಿಗೆ ಬಂತು. ಜನ ಚಾವಡಿಗೆ ಬಂದು ಸೇರುತ್ತಿರುವುದು ಕಾಲ ಸಪ್ಪಳದಿಂದ ತಿಳಿಯುತ್ತಿತ್ತು. ನೂರು ದಾಟಿತು, ನೂರ ಐವತ್ತು. ಆಗ ಒಂದು ತಪ್ಪು ಮಾಡಿದೆ. ಕಣ್ಣು ತೆರೆದೆ. ಎದುರಿಗೆ ಪರ್ವತಗೌಡರು ಕೈಕಟ್ಟಿ ನಿಂತಿದ್ದರು. ಅವರ ನೋಟ ಕಪ್ಪು ಪರದೆಗೆ ಹೋಯಿತು, ನನ್ನ ಬರಿಗೈಗೆ ಬಂತು, ತೊಡೆಯ ಮೇಲಿನ ಅಂಗೈಯಲ್ಲಿ ನಿಂತಿತು. ಅವರಿಗೆ ತಿಳಿಯಿತು ಅಂತ ನನಗೆ ತಿಳಿಯಿತು.

ಮುಂದಿನ ಹೆಸರು ಇರಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅಲ್ಲಿ ಏನೂ ಇರಲಿಲ್ಲ. ಬಡಿತ ಹೋಯಿತು. ನೂರ ಎಪ್ಪತ್ತು ಮನೆಯ ಜನ ಚಾವಡಿಯ ಮುಂದೆ ನಿಂತಿದ್ದರು. ಉಳಿದವರು ಕಿಟಕಿಗಳಲ್ಲಿ.

ಆಗ ಎದುರು ಮನೆಯೊಳಗಿಂದ ಸದ್ದು ಬಂತು. ಪಟ್. ಪಟ್. ಪಟ್. ಅವಸರವಿಲ್ಲ, ನಿಧಾನವಿಲ್ಲ. ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಆಣೆ ಇಟ್ಟವಳು ಅವಳೇ.

ನಾನು ಕಣ್ಣು ಮುಚ್ಚಿದೆ. ಹೆಸರುಗಳು ಅವಳ ಕೈಯ ಹಿಂದೆ ನಡೆದು ಬಂದವು. ಕೆಳಗಿನ ಓಣಿ ತೆರೆಯಿತು. ಡಬ್ಬಿಗಳಾಗಿ ಕೂತಿದ್ದ ಕೊನೆಯ ಪುಟ ತೆರೆಯಿತು. ಹತ್ತನೆಯ ಹೆಸರಿಗೆ ಎದುರಿನ ಬಾಗಿಲು ಸರಿದಾಗ ಬಡಿತ ನಿಂತಿತು, ಇನ್ನೊಂದು ಹೆಸರು ನಾನೊಬ್ಬನೇ ಹೇಳಿದೆ.

ಗೌಡರು ಒಂದು ಹೆಜ್ಜೆ ಮುಂದೆ ಬಂದರು.

“ಮೊದಲಿಂದನೂ ಹಿಂಗ?” ಅಂದರು ಗೌಡರು.

“ಮೊದಲಿಂದನೂ ಹಿಂಗರೀ.”

“ಪುಸ್ತಕದ ಮ್ಯಾಲ ಬೆರಳಾಡಿಸ್ತಿದ್ದೆಲ್ಲ?”

“ಬೆರಳ ಖರೇನ ಆಡ್ತಿತ್ರಿ.”

ಆಮೇಲೆ ದನಿ ತೆಗೆದವನು ಇಮ್ತಿಯಾಜ. “ಐದು ದಿನ!” ಅಂತ ಚಾಪೆಯನ್ನು ನೆಲಕ್ಕೆ ಬಡಿದ. “ಅಜ್ಜಾರ, ಐದು ದಿನ ನಾ ಫಾಂಟ್ ಹುಡುಕೇನಿ! ಹಗ್ಗ ಇಳಿಸೇನಿ, ಗುಡ್ಡ ಹತ್ತೇನಿ, ಊಟ ಬಿಟ್ಟೇನಿ! ಇಡೀ ಪಟ್ಟಿ ನಿಮ್ಮ ಬಾಯಾಗ ಇಟ್ಕೊಂಡು ನನ್ನ ಕಿಟಕಿ ಕೆಳಗ ನೀಲಿ ವಾಯರ್ ನೀಲಿ ವಾಯರ್ ಅಂತ ಓಡಾಡೀರಲ್ರೀ!”

“ತಪ್ಪಾತು ತಮ್ಮಾ,” ಅಂದೆ.

ವಿರೂಪಾಕ್ಷಪ್ಪ ಇದು ಊರಿಗೆ ಮಾಡಿದ ಮೋಸ, ಹಿಂದಿನ ಎಲ್ಲ ಓದೂ ರದ್ದಾಗಬೇಕು ಅಂದ. ಹಾಗಾದರೆ ಅಷ್ಟು ವರ್ಷ ನಾವು ಹೊರಗೆ ಬಂದೇ ಇಲ್ಲವೇನು ಅಂತ ಅವನ ಹೆಂಡತಿ ಹಿಂದಿನಿಂದ ಕೇಳಿದಳು. ಭಾನುವಾರದಿಂದ ಅವಳ ಮೊದಲ ಮಾತದು. ಬಾಗಿಲು ಯಾವಾಗ ವಾಪಸು ಕೂಡಿಸುತ್ತಾರೆಂದೂ ಕೇಳಿದಳು. ನಾಳೆ ಯಾರು ಓದಬೇಕೆಂದು ಕಮಿಟಿ ಕೂತು ನೋಡುತ್ತದೆ ಅಂದರು ಗೌಡರು. ನನ್ನ ಮುಖ ನೋಡಿ ಹೇಳಲಿಲ್ಲ, ಕಂಬ ನೋಡಿ ಹೇಳಿದರು. ಇಷ್ಟು ವರ್ಷ ಬೆಳಿಗ್ಗೆ ನನಗೆ ಮೊದಲು ಕೈಮುಗಿಯುತ್ತಿದ್ದವರು. ಅಂದು ಮುಗಿಯಲಿಲ್ಲ, ಇಂದಿಗೂ ಮುಗಿದಿಲ್ಲ.

ನೀಲವ್ವ ಗಂಟನ್ನು ಎರಡನೆಯ ಸಲ ಕಟ್ಟಿಕೊಂಡು ಹೊಸ್ತಿಲು ದಾಟಿದಳು. ಐದು ದಿನದ ಮೇಲೆ ಬಿಸಿಲಿಗೆ ಬಂದವಳು ಕೈಯನ್ನು ಹಣೆಗೆ ಅಡ್ಡ ಹಿಡಿದಳು. ಬಸ್ಸಿನವರೆಗೆ ನನ್ನ ಭುಜ ಹಿಡಿದು ನಡೆದಳು. ಇಮ್ತಿಯಾಜ ಸತ್ತ ಪರದೆಯನ್ನು ಕೌದಿಯಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ಹಿಂದೆ ಬಂದ. ಪೇಟೆಯಲ್ಲಿ ಇಳಿಸಿ ಶಿಬಿರದ ಬಾಗಿಲಿಗೆ ಮುಟ್ಟಿಸುತ್ತೇನೆ ಅಂದ. ಬೈಯುತ್ತಲೇ ಅವಳ ಗಂಟನ್ನೂ ಇಸಿದುಕೊಂಡ. ಗಂಟಿನೊಳಗಿನ ರೊಟ್ಟಿ ಬಿಸಿಯಿದ್ದವು, ಬಟ್ಟೆಯ ಮೇಲೆ ಹಬೆಯ ತೇವ ಮೂಡಿತ್ತು.

ಬಸ್ಸಿನ ಕಿಟಕಿಗೂ ಸರಳಿದ್ದವು. ಅವಳು ಆ ಕಡೆ, ನಾನು ಈ ಕಡೆ. ಐದು ದಿನ ಹೀಗೇ ನಿಂತಿದ್ದೆವು.

“ಅಣ್ಣಾ,” ಅಂದಳು, “ಕಮಿಟಿ ಯಾರ ಬಾಯಿಗೆ ಹಾಕಲಿ ಬಿಡಲಿ, ನಾ ಬರೂತನಕ ನನ್ನ ಹೆಸರ ನೀ ದಿನಾ ಹೇಳು. ಮೊದಲಿಂದ ಹೇಳು, ನಡುವ ಹಾರಬ್ಯಾಡ. ಬಾಗಲ ತೆರೀಬೇಕು. ಬೆಕ್ಕು ಒಳಗೈತಿ.”

ನೀಲವ್ವ ಹೋದಳು, ಇಮ್ತಿಯಾಜ ಹೋದ, ಕೌದಿಯಲ್ಲಿ ಸುತ್ತಿದ ಪರದೆ ಹೋಯಿತು. ಶನಿವಾರ, ಹತ್ತೂವರೆಯ ಬಸ್ಸಿಗೆ.